‘ನಂದಿನಿ’ ಅಂತ ಬೋರ್ಡ್ ಹಾಕಿದರೆ ಕೇಸ್ ಬೀಳುತ್ತಾ? ಅಂಗಡಿಯವರು ನಿಜಕ್ಕೂ ಹೆದರಬೇಕಾದ್ದು ಬಿಲ್ ಇಲ್ಲದ ಮಾಲಿಗೆ

ಮಧುಗಿರಿ: ಗೊರವನಹಳ್ಳಿ ದಾರಿಯಲ್ಲಿ ಮಹಾಲಕ್ಷ್ಮಿ ಹೆಸರಿನ ಅಂಗಡಿ, ಪಾವಗಡದಲ್ಲಿ ಶನಿಮಹಾತ್ಮನ ಹೆಸರಿನ ಅಂಗಡಿ ಹೊಸದೇನಲ್ಲ. ಆದರೆ ಅದೇ ಹೆಸರನ್ನು ಬೇರೆ ಯಾರೋ ಟ್ರೇಡ್‌ಮಾರ್ಕ್ ಅಂತ ರಿಜಿಸ್ಟರ್ ಮಾಡಿಸಿದ್ದರೆ ಬೋರ್ಡ್ ಇಳಿಸಬೇಕಾ? ಇದಕ್ಕೆ ಹತ್ತಿರದ ಉತ್ತರ ಸುಪ್ರೀಂ ಕೋರ್ಟ್ ಕೊಟ್ಟಾಗಿದೆ. ಅದೂ ನಮ್ಮ ರೈತರು ತುಮುಲ್ ಮೂಲಕ ಹಾಲು ಹಾಕುವ ‘ನಂದಿನಿ’ ವಿಚಾರದಲ್ಲೇ.

ಕರ್ನಾಟಕ ಹಾಲು ಮಹಾಮಂಡಳ ‘ನಂದಿನಿ’ ಹೆಸರು ಬಳಸುತ್ತಿರುವುದು 1985ರಿಂದ. ಬೆಂಗಳೂರಿನ ‘ನಂದಿನಿ ಡಿಲಕ್ಸ್’ ಹೋಟೆಲ್ ಶುರುವಾಗಿದ್ದು 1989ರಲ್ಲಿ. ಹೋಟೆಲಿನವರು ತಮ್ಮ ಹೆಸರು ರಿಜಿಸ್ಟರ್ ಮಾಡಿಸಲು ಹೋದಾಗ ಮಹಾಮಂಡಳ ಆಕ್ಷೇಪ ಎತ್ತಿತು. 2011ರಲ್ಲಿ ಮೇಲ್ಮನವಿ ಮಂಡಳಿ, 2014ರಲ್ಲಿ ಹೈಕೋರ್ಟ್, ಎರಡೂ ಕಡೆ ಹೋಟೆಲಿಗೆ ಸೋಲು. ಕಡೆಗೆ 2018ರ ಜುಲೈ 26ರಂದು ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದಿದ್ದು ಹೋಟೆಲ್.

ಯಾಕೆ? ನಂದಿನಿ ಅನ್ನೋದು ದೇವತೆಯ ಹೆಸರು, ಪುರಾಣದ ಹಸುವಿನ ಹೆಸರು. ಮಹಾಮಂಡಳ ಹೊಸದಾಗಿ ಹುಟ್ಟಿಸಿದ ಪದ ಅಲ್ಲ. ಎರಡರ ಅಕ್ಷರದ ಶೈಲಿ, ಚಿತ್ರ ಬೇರೆ. ಮಾರುವ ಪದಾರ್ಥವೂ ಬೇರೆ. ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಈ ಹೆಸರು ಬಳಸಲ್ಲ ಅಂತ ಹೋಟೆಲಿನವರೂ ಒಪ್ಪಿಕೊಂಡಿದ್ದರು. ಇದಕ್ಕೂ ಮುಂಚೆ, 2015ರಲ್ಲಿ, ಊದುಬತ್ತಿಗೆ ‘ರಾಮಾಯಣ’ ಅನ್ನೋ ಹೆಸರು ತನಗೊಬ್ಬನಿಗೇ ಬೇಕು ಅಂತ ಹೋದ ವ್ಯಾಪಾರಿಗೂ ಇದೇ ಕೋರ್ಟ್ ಆಗಲ್ಲ ಅಂದಿತ್ತು.

ಹಾಗಂತ ಯಾರು ಬೇಕಾದರೂ ನಂದಿನಿ ಅಂತ ತುಪ್ಪದ ಪ್ಯಾಕೆಟ್ ಹೊಡೆಸಬಹುದು ಅಂತಲ್ಲ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 29ನೇ ಕಲಂ ನೋಡೋದು ಇದನ್ನೇ: ರಿಜಿಸ್ಟರ್ ಆದ ಹೆಸರನ್ನೋ, ಅದನ್ನೇ ಹೋಲುವ ಹೆಸರನ್ನೋ ಅಂಥದ್ದೇ ಮಾಲಿಗೆ ಹಾಕಿ ಗಿರಾಕಿಗೆ ಗೊಂದಲ ಮಾಡಿದರೆ ಅದು ಉಲ್ಲಂಘನೆ. ಒಂದಕ್ಷರ ಬದಲಾಯಿಸಿದ್ದೀನಲ್ಲ ಅನ್ನೋ ವಾದ ನಡೆಯಲ್ಲ. ‘ಅಮೃತಧಾರಾ’ ಔಷಧಿ ಇದ್ದಾಗ ‘ಲಕ್ಷ್ಮಣಧಾರಾ’ ಅಂತ ಇಟ್ಟವರ ಕೇಸಿನಲ್ಲಿ 1962ರಲ್ಲೇ ಸುಪ್ರೀಂ ಕೋರ್ಟ್ ಈ ಎರಡು ಹೆಸರು ಜನರನ್ನು ಗೊಂದಲಕ್ಕೆ ಬೀಳಿಸುತ್ತವೆ ಅಂತ ಹೇಳಿತು. ಎರಡು ಡಬ್ಬಿ ಅಕ್ಕಪಕ್ಕ ಇಟ್ಟು ಪರೀಕ್ಷೆ ಮಾಡುವ ಲಾಯರ್ ಕಣ್ಣು ಅಲ್ಲಿ ಅಳತೆಗೋಲಲ್ಲ. ಹೆಸರು ಅರ್ಧಂಬರ್ಧ ನೆನಪಿಟ್ಟುಕೊಂಡು ಬರುವ ಸಾಮಾನ್ಯ ಗಿರಾಕಿಯೇ ಅಳತೆಗೋಲು. ಸಂತೆ ದಿನ ಹಳ್ಳಿಯಿಂದ ಬಂದು “ಹಳದಿ ಪ್ಯಾಕೆಟ್ಟಿಂದು ಕೊಡಪ್ಪ” ಅನ್ನುವ ಅಜ್ಜಿಯೂ ಅವರಲ್ಲೊಬ್ಬರು.

ಬೋರ್ಡಿನ ಜಗಳ ವರ್ಷಗಟ್ಟಲೆ ಎಳೆಯುತ್ತೆ, ಜೈಲಿನ ತನಕ ಹೋಗೋದು ಕಡಿಮೆ. ಅಪಾಯ ಇರೋದು ನಕಲಿ ಮಾಲಿನಲ್ಲಿ. 2021ರ ಡಿಸೆಂಬರ್‌ನಲ್ಲಿ ಮೈಸೂರಿನ ಹತ್ತಿರ ನಕಲಿ ನಂದಿನಿ ತುಪ್ಪದ ಜಾಲವೇ ಪತ್ತೆಯಾಯಿತು. ಅಂಥ ಮಾಲು ತಯಾರಿಸುವವನಿಗೆ ಅಷ್ಟೇ ಅಲ್ಲ, ಕೌಂಟರಿನಲ್ಲಿಟ್ಟು ಮಾರುವವನಿಗೂ ಕಾಯ್ದೆಯ 104ನೇ ಕಲಂ ಪ್ರಕಾರ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಡಿವೈಎಸ್‌ಪಿ ದರ್ಜೆಯ ಅಧಿಕಾರಿ ವಾರಂಟ್ ಇಲ್ಲದೆಯೂ ಬಂದು ಮಾಲು ವಶಪಡಿಸಿಕೊಳ್ಳಬಹುದು. ಆದರೆ ಅದಕ್ಕೂ ಮೊದಲು ಟ್ರೇಡ್‌ಮಾರ್ಕ್ ರಿಜಿಸ್ಟ್ರಾರ್ ಅಭಿಪ್ರಾಯ ಪಡೆಯಬೇಕು. ಇದು ಎಷ್ಟೋ ಅಂಗಡಿಯವರಿಗೆ ಗೊತ್ತಿಲ್ಲ.

ಅದೇ ಕಲಂ ಒಂದು ದಾರಿಯನ್ನೂ ಬಿಟ್ಟಿದೆ. ಮಾಲು ತಗೊಳ್ಳುವಾಗ ಎಚ್ಚರ ವಹಿಸಿದ್ದೆ, ಅನುಮಾನ ಬರುವಂಥದ್ದೇನೂ ಇರಲಿಲ್ಲ, ಯಾರಿಂದ ತಗೊಂಡೆ ಅನ್ನೋ ಮಾಹಿತಿಯೂ ಕೊಟ್ಟಿದ್ದೇನೆ ಅಂತ ಅಂಗಡಿಯವನು ಸಾಬೀತು ಮಾಡಿದರೆ ಪಾರಾಗಬಹುದು. ಬೈಕಿನಲ್ಲಿ ಬಂದು ಕಡಿಮೆ ರೇಟಿಗೆ ಕೊಟ್ಟು ಹೋದವನ ಹೆಸರೇ ಗೊತ್ತಿಲ್ಲ ಅಂದರೆ ಸಾಬೀತು ಮಾಡೋದು ಏನನ್ನ? ಜಿಎಸ್‌ಟಿ ಬಿಲ್ ಬೇಡ, ಹತ್ತು ರೂಪಾಯಿ ಉಳಿಯುತ್ತೆ ಅನ್ನೋ ಲೆಕ್ಕ ಇಲ್ಲಿ ತಲೆಕೆಳಗಾಗುತ್ತೆ.

ಸ್ವಂತ ಹೆಸರಲ್ಲಿ ಕಡಲೆಕಾಯಿ ಎಣ್ಣೆಯನ್ನೋ ಚಟ್ನಿಪುಡಿಯನ್ನೋ ಮಾರುವ ಶಿರಾ, ಪಾವಗಡ, ಕೊರಟಗೆರೆಯ ಸಣ್ಣ ಉತ್ಪಾದಕರಿಗೂ ಹಳೇ ಬಿಲ್ಲೇ ಆಸ್ತಿ. ದೊಡ್ಡ ಕಂಪನಿ ನಿಮ್ಮದೇ ಹೆಸರನ್ನು ರಿಜಿಸ್ಟರ್ ಮಾಡಿಸಿ ನೋಟಿಸ್ ಕಳಿಸಿತು ಅಂತಿಟ್ಟುಕೊಳ್ಳಿ. ಅವರು ಬಳಸೋಕೆ ಶುರು ಮಾಡಿದ್ದಕ್ಕೂ, ರಿಜಿಸ್ಟರ್ ಮಾಡಿಸಿದ್ದಕ್ಕೂ ಮುಂಚಿನಿಂದ ನೀವು ಅದೇ ಮಾಲಿಗೆ ಬಿಡದೆ ಆ ಹೆಸರು ಬಳಸುತ್ತಾ ಬಂದಿದ್ದರೆ 34ನೇ ಕಲಂ ನಿಮ್ಮ ಪರ ಇದೆ. ಆದರೆ ಅದನ್ನು ತೋರಿಸೋಕೆ ಹಳೇ ಬಿಲ್, ಲೇಬಲ್ ಪ್ರಿಂಟ್ ಮಾಡಿಸಿದ ರಸೀದಿ, ಲೈಸೆನ್ಸ್ ಬೇಕು.

ರಿಜಿಸ್ಟರ್ ಮಾಡಿಸೋದೇ ಸುಲಭ ಅನ್ನುವವರಿಗೆ, ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಒಂದು ವರ್ಗದ ಮಾಲಿಗೆ ಸರ್ಕಾರಿ ಶುಲ್ಕ 4,500 ರೂಪಾಯಿ. ಕರ್ನಾಟಕದ ಅರ್ಜಿಗಳು ಹೋಗೋದು ಚೆನ್ನೈ ಕಚೇರಿಗೆ. ಸಿಕ್ಕರೆ 10 ವರ್ಷ, ಆಮೇಲೆ ನವೀಕರಣ. ಅರ್ಜಿ ಹಾಕಿದ ತಕ್ಷಣ ವೃತ್ತದೊಳಗಿನ ‘ಆರ್’ ಗುರುತು ಪ್ಯಾಕೆಟ್ ಮೇಲೆ ಹೊಡೆಸಬೇಡಿ. ರಿಜಿಸ್ಟರ್ ಆಗೋ ತನಕ ಅದನ್ನು ಹಾಕೋದೂ ತಪ್ಪೇ; ಅಲ್ಲಿವರೆಗೆ ‘ಟಿಎಂ’ ಸಾಕು.