ನಮ್ಮ ಮಕ್ಕಳ ಹಾಡಿನ ತಾಸು ಎಲ್ಲಿ ಹೋಯಿತು?

ಧಾರವಾಡ ಜಿಲ್ಲೆಯ ತಾಯಿ-ತಂದೆಯರೇ, ಎಸ್‌ಡಿಎಂಸಿ ಸದಸ್ಯರೇ, ಊರ ಹಿರಿಯರೇ,

ನಮ್ಮ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಂಗೀತದ ಮಾಸ್ತರರು ನಿವೃತ್ತರಾದರು. ಹಾರ ಹಾಕಿ, ಶಾಲು ಹೊದಿಸಿ, ಫೋಟೊ ತೆಗೆಸಿಕೊಂಡು ಕಳಿಸಿಕೊಟ್ಟೆವು. ಅವರ ಜಾಗಕ್ಕೆ ಇವತ್ತಿನವರೆಗೂ ಯಾರೂ ಬಂದಿಲ್ಲ. ಕೇಳಿದರೆ ‘ಹುದ್ದೆ ಖಾಲಿ ಇದೆ, ಮೇಲಿನಿಂದ ಬರಬೇಕು’ ಎಂದರು. ಮತ್ತೊಮ್ಮೆ ಹೋಗಿ ಕೇಳಿದರೆ ‘ಆ ಹುದ್ದೆ ಈಗ ಇದೆಯೋ ಇಲ್ಲವೋ ನೋಡಬೇಕು’ ಎಂದರು. ಮಾಸ್ತರರು ನುಡಿಸುತ್ತಿದ್ದ ಪೇಟಿ ಬಿಸಿಯೂಟದ ಅಕ್ಕಿ ಚೀಲಗಳ ಕೋಣೆಯಲ್ಲಿದೆ. ಹೋಗಿ ನೋಡಿ ಬಂದಿದ್ದೇವೆ. ತಿದಿಯನ್ನು ಇಲಿ ಕಡಿದಿದೆ. ಎಡಗಡೆಯ ಮೂರು ಮನೆಗಳು ಒತ್ತಿದರೆ ಮತ್ತೆ ಮೇಲೇಳುವುದಿಲ್ಲ. ಮುಚ್ಚಳದ ಮೇಲಿನ ದಾಸ್ತಾನು ನಂಬರು ಮಾತ್ರ ಬಿಳಿ ಬಣ್ಣದಲ್ಲಿ ಇನ್ನೂ ಸ್ಪಷ್ಟವಾಗಿದೆ. ವೇಳಾಪಟ್ಟಿಯಲ್ಲಿ ಹಾಡಿನ ತಾಸು ಇದ್ದ ಕಡೆ ‘ಗಣಿತ ವಿಶೇಷ ತರಗತಿ’ ಎಂದು ಬರೆದಿದ್ದಾರೆ.

ಇದು ನಡೆದಿರುವುದು ಯಾವ ಜಿಲ್ಲೆಯಲ್ಲಿ ಎಂದು ಒಂದು ಗಳಿಗೆ ಯೋಚಿಸಿ. ಮಲ್ಲಿಕಾರ್ಜುನ ಮನಸೂರರು 1910ರಲ್ಲಿ ಹುಟ್ಟಿದ ಮನಸೂರು ಇಲ್ಲಿಂದ ಎಷ್ಟು ದೂರ? ಗಂಗೂಬಾಯಿ ಹಾನಗಲ್ಲರು ಹುಟ್ಟಿದ್ದು ಧಾರವಾಡದಲ್ಲಿ, ಬದುಕಿದ್ದು ಹುಬ್ಬಳ್ಳಿಯಲ್ಲಿ. 1924ರಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಮುಂದೆ ಹಾಡಿದಾಗ ಆಕೆ ಇನ್ನೂ ಶಾಲೆಗೆ ಹೋಗುವ ವಯಸ್ಸಿನ ಹುಡುಗಿ. ಬಸವರಾಜ ರಾಜಗುರು ಇಲ್ಲಿಯವರು. ಭೀಮಸೇನ ಜೋಶಿ ಪಕ್ಕದ ಗದಗಿನವರು, ಕುಮಾರ ಗಂಧರ್ವ ಬೆಳಗಾವಿಯ ಸುಳೇಭಾವಿಯವರು. ಇವರ ಹೆಸರು ಹೇಳದೆ ಯಾವ ಮಂತ್ರಿಯ ಭಾಷಣ ಮುಗಿಯುತ್ತದೆ? ಇವರ ಭಾವಚಿತ್ರಗಳಿಗೆ ಹೂವಿನ ಹಾರ ಹಾಕುವ ಕೈಗಳೇ ಇವರ ನೆಲದ ಮಕ್ಕಳಿಂದ ಹಾಡಿನ ತಾಸನ್ನು ಕಿತ್ತುಕೊಂಡಿವೆ.

ಕಾನೂನು ಇಲ್ಲವೇ? ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ತೆಗೆದು ನೋಡಿ. 6ರಿಂದ 8ನೇ ತರಗತಿಯಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಲೇಬೇಕು ಎಂದಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೂ ಕಲೆ ಕಡ್ಡಾಯ ವಿಷಯವಾಗಲಿ ಎಂದಿತು. ಸಂಗೀತವನ್ನು ಪಠ್ಯದ ಹೊರಗಿನದು ಎಂದು ಬೇರೆ ಇಡಬೇಡಿ ಎಂದು 2020ರ ಶಿಕ್ಷಣ ನೀತಿಯೂ ಹೇಳಿತು. ಕಾಗದದ ಮೇಲೆ ಎಲ್ಲವೂ ಇದೆ. ಮಾಸ್ತರರು ಇಲ್ಲ!

ನವೋದಯ ಶಾಲೆಯಲ್ಲಿ ಸಂಗೀತ ಶಿಕ್ಷಕರಿದ್ದಾರೆ. ಕೇಂದ್ರೀಯ ವಿದ್ಯಾಲಯದ ಪ್ರಾಥಮಿಕ ವಿಭಾಗಕ್ಕೆ ಸಂಗೀತ ಶಿಕ್ಷಕರನ್ನೇ ಪ್ರತ್ಯೇಕವಾಗಿ ನೇಮಿಸುತ್ತಾರೆ. ಹಣವುಳ್ಳವರ ಮಕ್ಕಳಿಗೆ ಖಾಸಗಿ ಶಾಲೆಯಲ್ಲಿ ಕೀಬೋರ್ಡು, ಗಿಟಾರು, ತಬಲ ಎಲ್ಲವೂ ಉಂಟು, ಶುಲ್ಕ ಬೇರೆ. ಕೂಲಿಯವರ ಮಗಳಿಗೆ, ಒಕ್ಕಲಿಗನ ಮಗನಿಗೆ ಮಾತ್ರ ಗಂಟಲು ಇಲ್ಲ, ಕಿವಿ ಇಲ್ಲ ಎಂದು ಯಾರು ತೀರ್ಮಾನಿಸಿದರು?

‘ಹಾಡಿನಿಂದ ಹೊಟ್ಟೆ ತುಂಬುತ್ತದೆಯೇ, ಮೊದಲು ಫಲಿತಾಂಶ ಬರಲಿ’ ಎನ್ನುವವರು ನಮ್ಮ ಮಕ್ಕಳ ಕನ್ನಡ ಪುಸ್ತಕವನ್ನೇ ತೆರೆದು ನೋಡಲಿ. ಕುಮಾರವ್ಯಾಸ ಗದುಗಿನಲ್ಲಿ ಕೂತು ಭಾಮಿನಿ ಷಟ್ಪದಿಯಲ್ಲಿ ಭಾರತವನ್ನು ಕಟ್ಟಿದ್ದು ಗಮಕಿಗಳು ಹಾಡಿ ಜನಕ್ಕೆ ಮುಟ್ಟಿಸಲಿ ಎಂದೇ. ವಚನ, ದಾಸರ ಪದ, ತ್ರಿಪದಿ, ಲಾವಣಿ, ಸೋಬಾನೆ, ಇವುಗಳಲ್ಲಿ ಯಾವುದು ಬರಿಯ ಓದಿಗೆಂದು ಹುಟ್ಟಿತು ಹೇಳಿ. ಇವತ್ತು ಹತ್ತನೇ ತರಗತಿಯ ಹುಡುಗಿ ಷಟ್ಪದಿಗೆ ಪ್ರಸ್ತಾರ ಹಾಕುತ್ತಾಳೆ, ಮೂರು ನಾಲ್ಕು, ಮೂರು ನಾಲ್ಕು ಎಂದು ಮಾತ್ರೆ ಎಣಿಸಿ ಗಣ ವಿಂಗಡಿಸುತ್ತಾಳೆ, ಅಂಕವನ್ನೂ ತೆಗೆದುಕೊಳ್ಳುತ್ತಾಳೆ. ಆ ನಡೆಯನ್ನು ಒಂದೇ ಒಂದು ಸಲ ಯಾರಾದರೂ ಹಾಡಿದ್ದನ್ನು ಆಕೆ ಕೇಳಿಲ್ಲ. ಯಾಕೆ ಮೂರು, ಯಾಕೆ ನಾಲ್ಕು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಒಂದು ಪೇಟಿ, ಒಂದು ಜೊತೆ ತಾಳ, ಹಾಡಬಲ್ಲ ಒಬ್ಬ ಮನುಷ್ಯ ಇದ್ದಿದ್ದರೆ ಹತ್ತು ನಿಮಿಷದಲ್ಲಿ ಅದು ಅವಳ ಮೈಗೆ ಹತ್ತುತ್ತಿತ್ತು. ಹಾಡಿನ ತಾಸನ್ನು ಕಸಿದಾಗ ಕನ್ನಡದ ತಾಸಿನ ಜೀವವನ್ನೂ ಕಸಿದರು.

ಇನ್ನು ಕೆಲವು ಬುದ್ಧಿವಂತರ ವಾದ ಕೇಳಿ. ‘ಆಗ ಶಾಲೆಯಲ್ಲಿ ಯಾವ ಸಂಗೀತ ಇತ್ತು? ಆದರೂ ಭೀಮಸೇನ ಜೋಶಿ ಆಗಲಿಲ್ಲವೇ?’ ಆದರು ಸ್ವಾಮಿ. ಗುರುವನ್ನು ಹುಡುಕಿಕೊಂಡು ಇನ್ನೂ ಬಾಲಕನಾಗಿದ್ದಾಗಲೇ ಮನೆ ಬಿಟ್ಟು ರೈಲು ಹತ್ತಿ ಊರೂರು ಅಲೆದು ಆದರು. ಹಾಗಾದರೆ ನಮ್ಮ ಮಕ್ಕಳೂ ಹನ್ನೊಂದನೇ ವಯಸ್ಸಿಗೆ ಟಿಕೆಟಿಲ್ಲದೆ ರೈಲು ಹತ್ತಲಿ ಎನ್ನುತ್ತೀರಾ? ನಿಮ್ಮ ಮಕ್ಕಳನ್ನು ಮೊದಲು ಹತ್ತಿಸಿ, ಆಮೇಲೆ ಮಾತಾಡೋಣ.

‘ಪ್ರತಿಭಾ ಕಾರಂಜಿ ಮಾಡುತ್ತೇವಲ್ಲ’ ಎನ್ನುತ್ತಾರೆ. ವರ್ಷವಿಡೀ ಕಲಿಸದೆ ಒಂದು ದಿನ ಸ್ಪರ್ಧೆ! ಭಾವಗೀತೆ, ಜಾನಪದ ಗೀತೆ ಎಂದು ಪಟ್ಟಿ ಬರುತ್ತದೆ. ಹಿಂದಿನ ವಾರ ವಿಜ್ಞಾನದ ಮೇಡಂ ತಮ್ಮ ಮೊಬೈಲಿನಲ್ಲಿ ಹಾಡು ಹಾಕಿ ಮಗುವಿನ ಕಿವಿಗೆ ಹಿಡಿಯುತ್ತಾರೆ. ಪಾಪ, ಆ ತಾಯಿಯನ್ನು ದೂರುವುದಿಲ್ಲ. ಕ್ಲಸ್ಟರಿನಲ್ಲಿ ಗೆದ್ದ ಮಗು ತಾಲ್ಲೂಕಿನಲ್ಲಿ ಸೋಲುತ್ತದೆ, ಅಲ್ಲಿಗೆ ಅದರ ಹಾಡು ಮುಗಿಯುತ್ತದೆ. ಕಣ್ಣು ಕಾಣದ, ಕಾಸಿಲ್ಲದ ಮಕ್ಕಳನ್ನು ಕರೆದು ಅನ್ನ ಹಾಕಿ ಸ್ವರ ಕಲಿಸಿದ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಜೋಳಿಗೆ ಹಿಡಿದು ಮಾಡಿದ ಕೆಲಸವನ್ನು ಖಜಾನೆ ಹಿಡಿದ ಸರ್ಕಾರ ಮಾಡಲಾರದೇ?

ಸರ್ಕಾರದ ಮಾತು ಹಾಗಿರಲಿ, ನಮ್ಮವರೇ ಏನು ಮಾಡುತ್ತಿದ್ದಾರೆ? ಸಂಗೀತ ಸಭೆಗಳವರು ಪ್ರತಿ ವರ್ಷ ವೇದಿಕೆ ಮೇಲೆ ‘ಯುವಕರು ಬರುತ್ತಿಲ್ಲ, ಕುರ್ಚಿಗಳು ಖಾಲಿ’ ಎಂದು ಕಣ್ಣೀರು ಹಾಕುತ್ತಾರೆ. ಸಭೆಗಳವರೇ, ಸರ್ಕಾರಿ ಶಾಲೆಯ ಹೊಸ್ತಿಲನ್ನು ನೀವು ತುಳಿದದ್ದು ಯಾವಾಗ? ಮಗುವಿದ್ದಾಗ ಕಿವಿ ತೆರೆಸದವರು ಯುವಕನಾದ ಮೇಲೆ ಬಾ ಎಂದರೆ ಅವನು ಯಾಕೆ ಬರುತ್ತಾನೆ? ಶಿಕ್ಷಕ ಹುದ್ದೆಯ ಮಾತು ಬಂದ ಕೂಡಲೇ ಹಿಂದೂಸ್ತಾನಿಯವರು ಒಂದು ಕಡೆ, ಕರ್ನಾಟಕಿಯವರು ಒಂದು ಕಡೆ, ಸುಗಮ ಸಂಗೀತದವರು ಇನ್ನೊಂದು ಕಡೆ ನಿಂತು ‘ನಮ್ಮವರಿಗೆ ಕೊಡಿ’ ಎಂದು ಕೂಗುತ್ತೀರಿ. ನಿಮ್ಮ ಜಗಳ ಕೇಳಿ ಅಧಿಕಾರಿಗಳಿಗೆ ಎಷ್ಟು ಸಂತೋಷವೋ! ಯಾರಿಗೂ ಕೊಡದೆ ಫೈಲು ಮುಚ್ಚಿಟ್ಟರು.

ನಾಡಗೀತೆಯ ಧಾಟಿಯ ಜಗಳ ನೆನಪಿದೆ ತಾನೇ? ಅನಂತಸ್ವಾಮಿಯವರದೋ ಅಶ್ವತ್ಥರದೋ ಎಂದು ವರ್ಷಗಟ್ಟಲೆ ಪತ್ರಿಕೆಗಳಲ್ಲಿ ಕಾದಾಡಿದಿರಿ. ಕೊನೆಗೆ 2022ರ ಸೆಪ್ಟೆಂಬರಿನಲ್ಲಿ ಆದೇಶ ಬಂತು: ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು, ಆಲಾಪ ಬೇಡ, ಪುನರಾವರ್ತನೆ ಬೇಡ. ಒಳ್ಳೆಯದು. ಆ ಧಾಟಿಯನ್ನು ಮಕ್ಕಳಿಗೆ ಕಲಿಸುವವರು ಯಾರು ಎಂದು ಆದೇಶ ಬರೆದವರೂ ಕೇಳಲಿಲ್ಲ, ಕಾದಾಡಿದವರೂ ಕೇಳಲಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಹೋಗಿ ನಿಂತು ಕೇಳಿ. ಒಂದು ಸಾಲು ಒಂದು ಶ್ರುತಿಯಲ್ಲಿ, ಇನ್ನೊಂದು ಸಾಲು ಇನ್ನೊಂದರಲ್ಲಿ, ಹಿಂದಿನ ಸಾಲಿನ ಮಕ್ಕಳು ಬರಿಯ ತುಟಿ ಆಡಿಸುತ್ತಿರುತ್ತಾರೆ. ಕುವೆಂಪು ಅವರ ಗೀತೆಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೇ?

ಸರ್ಕಾರದವರೇ, ಕಲಿಸುವವರು ಸಿಗುವುದಿಲ್ಲ ಎನ್ನಬೇಡಿ. ಗಂಗೂಬಾಯಿಯವರ ಹೆಸರಿನಲ್ಲಿ ಮೈಸೂರಿನಲ್ಲಿ ಸಂಗೀತ ವಿಶ್ವವಿದ್ಯಾಲಯವನ್ನೇ ತೆರೆದಿರಿ. ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಕಾಲೇಜು ಧಾರವಾಡದಲ್ಲೇ ಇದೆ. ಅಲ್ಲಿ ಕಲಿತು ಬಂದ ಹುಡುಗ ಹುಡುಗಿಯರು ಮದುವೆ ಆರ್ಕೆಸ್ಟ್ರಾದಲ್ಲಿ, ಮೊಬೈಲ್ ಅಂಗಡಿಯಲ್ಲಿ ದುಡಿಯುತ್ತಿದ್ದಾರೆ. ಪದವಿ ಕೊಡುವುದು ನೀವೇ, ಕೆಲಸವಿಲ್ಲ ಎನ್ನುವುದೂ ನೀವೇ. ಇದು ಮಕ್ಕಳಿಗೆ ಮಾಡಿದ ಅನ್ಯಾಯ, ಕಲಾವಿದರಿಗೆ ಮಾಡಿದ ಅನ್ಯಾಯ, ಈ ನೆಲಕ್ಕೆ ಮಾಡಿದ ಅನ್ಯಾಯ!

ಈ ನವೆಂಬರಿನಲ್ಲಿ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ಸೇರುತ್ತದೆ. ನಡವಳಿ ಪುಸ್ತಕ ತೆರೆದಿರುತ್ತದೆ, ಮಾತಾಡುವ ಹಕ್ಕು ಮಕ್ಕಳದು. ನಿಮ್ಮ ಮಗುವನ್ನು ತಪ್ಪದೆ ಕಳಿಸಿ, ನೀವೂ ಜೊತೆಗೆ ಹೋಗಿ. ಸಂಗೀತದ ಮಾಸ್ತರರು ಯಾವಾಗ ಬರುತ್ತಾರೆ ಎಂದು ಮಗು ಎದ್ದು ನಿಂತು ಕೇಳಲಿ. ಕೇಳಿದ್ದನ್ನು ನಡವಳಿಯಲ್ಲಿ ಬರೆಸದೆ ಎದ್ದು ಬರಬೇಡಿ. ಬರೆಸಿದ್ದರ ನಕಲು ತೆಗೆದುಕೊಂಡು ಎಲ್ಲ ಊರುಗಳವರೂ ಒಟ್ಟಾಗಿ ಬಿಇಒ ಕಚೇರಿಗೆ ಹೋಗೋಣ. ಮುಂದಿನ ಬಜೆಟ್ಟಿಗೆ ಮೊದಲು ನಮ್ಮ ಶಾಸಕರ ಬಾಯಿಂದ ಉತ್ತರ ಪಡೆಯೋಣ. ಓದಿದ ಮೇಲೆ ಈ ಕರಪತ್ರವನ್ನು ಮಡಚಿ ಇಡಬೇಡಿ, ಪಕ್ಕದ ಮನೆಗೆ ಕೊಡಿ.

ನಿಮ್ಮ,
ಸರ್ಕಾರಿ ಶಾಲೆಯ ಮಕ್ಕಳ ಪಾಲಕರು