ಗಾಲ್ಫ್‌ನಲ್ಲಿ ಗೆಲ್ಲಲು ರಿಸ್ಕ್ ತೆಗೆದುಕೊಳ್ಳಲೇಬೇಕೇ?

ಎರಡು ಮರಗಳ ನಡುವಿನ ಸಣ್ಣ ಸಂದಿಯಿಂದ ಚೆಂಡನ್ನು ಹಾರಿಸಿ, ಹಳ್ಳ ದಾಟಿಸಿ, ಕುಳಿಯ ಪಕ್ಕದಲ್ಲೇ ಇಳಿಸುವ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಇಂಥ ವಿಡಿಯೋಗಳ ಕೆಳಗೆ ಸಾಮಾನ್ಯವಾಗಿ ಒಂದು ಉಪದೇಶವೂ ಇರುತ್ತದೆ: ರಿಸ್ಕ್ ತೆಗೆದುಕೊಂಡವನೇ ಗೆಲ್ಲುತ್ತಾನೆ! ನೋಡುವುದಕ್ಕೇನೋ ಚೆನ್ನಾಗಿದೆ. ಆದರೆ ಗಾಲ್ಫ್‌ನ ಲೆಕ್ಕ ಬೇರೆಯದನ್ನೇ ಹೇಳುತ್ತದೆ.

ಮೊದಲು ಆಟದ ಲೆಕ್ಕ

ಗಾಲ್ಫ್‌ನ ಒಂದು ಸುತ್ತಿನಲ್ಲಿ 18 ಹೋಲ್‌ಗಳಿರುತ್ತವೆ. ಪ್ರತಿ ಹೋಲ್‌ಗೂ ಇಷ್ಟು ಹೊಡೆತಗಳಲ್ಲಿ ಮುಗಿಸಬೇಕು ಎಂಬ ಗುರಿ ಇರುತ್ತದೆ. ಅದೇ ಪಾರ್. ಪಾರ್‌ಗಿಂತ ಒಂದು ಕಡಿಮೆಯಾದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ, ಎರಡು ಹೆಚ್ಚಾದರೆ ಡಬಲ್ ಬೋಗಿ. ಒಟ್ಟು ಹೊಡೆತಗಳು ಕಡಿಮೆ ಇದ್ದವರು ಗೆಲ್ಲುತ್ತಾರೆ.

ಕ್ರಿಕೆಟ್‌ನಲ್ಲಿ ಒಂದು ಸಿಕ್ಸರ್ ಹೊಡೆದರೆ ಆರು ರನ್ ಒಟ್ಟಿಗೇ ಸಿಗುತ್ತದೆ. ಗಾಲ್ಫ್‌ನಲ್ಲಿ ಹಾಗಲ್ಲ. ಎಂಥ ಅದ್ಭುತ ಹೊಡೆತದಿಂದಲೂ ಉಳಿಯುವುದು ಸಾಮಾನ್ಯವಾಗಿ ಒಂದು ಹೊಡೆತ ಮಾತ್ರ. ತಪ್ಪಿದರೆ ನಷ್ಟಕ್ಕೆ ಮಿತಿಯೇ ಇಲ್ಲ. ಚೆಂಡು ನೀರಿಗೆ ಬಿದ್ದರೆ ಒಂದು ದಂಡದ ಹೊಡೆತ ಸೇರುತ್ತದೆ. ಮೈದಾನದ ಗಡಿ ದಾಟಿದರೆ ಇನ್ನೂ ಕಷ್ಟ: ಒಂದು ದಂಡ ತೆತ್ತು, ಮೊದಲು ಹೊಡೆದ ಜಾಗದಿಂದಲೇ ಮತ್ತೆ ಹೊಡೆಯಬೇಕು. ಅಂದರೆ ಮೊದಲ ಹೊಡೆತವೇ ಆಚೆ ಹೋದರೆ, ಅದೇ ಜಾಗದಲ್ಲಿ ನಿಂತು ಹೊಡೆಯುವುದು ಮೂರನೆಯ ಹೊಡೆತ!

ಒಂದು ಡಬಲ್ ಬೋಗಿಯನ್ನು ಸರಿದೂಗಿಸಲು ಎರಡು ಬರ್ಡಿ ಬೇಕು. ಹವ್ಯಾಸಕ್ಕೆ ಆಡುವವರಿಗೆ ಬರ್ಡಿ ಅಪರೂಪ. ಹಾಗಾಗಿ ಅವರ ಸ್ಕೋರ್ ಸುಧಾರಿಸುವ ಸುಲಭದ ದಾರಿ ಬರ್ಡಿ ಹೆಚ್ಚಿಸಿಕೊಳ್ಳುವುದಲ್ಲ, ದೊಡ್ಡ ಎಡವಟ್ಟುಗಳನ್ನು ಕಡಿಮೆ ಮಾಡಿಕೊಳ್ಳುವುದು.

ವಿಡಿಯೋ ಹೇಳದ ಅರ್ಧ ಕಥೆ

ಮರಗಳ ನಡುವಿನಿಂದ ಹೊಡೆದ ಅತಿ ಪ್ರಸಿದ್ಧ ಹೊಡೆತ ಅಮೆರಿಕದ ಫಿಲ್ ಮಿಕೆಲ್ಸನ್ ಅವರದು. 2010ರ ಮಾಸ್ಟರ್ಸ್ ಟೂರ್ನಿಯ ಕೊನೆಯ ದಿನ, 13ನೇ ಹೋಲ್‌ನಲ್ಲಿ ಅವರ ಚೆಂಡು ಪೈನ್ ಮರಗಳ ನಡುವೆ ಒಣ ಎಲೆಗಳ ಮೇಲೆ ಬಿದ್ದಿತ್ತು. ಅಲ್ಲಿಂದಲೇ ಅವರು ಗ್ರೀನ್‌ಗೆ ಗುರಿಯಿಟ್ಟರು. ಚೆಂಡು ಹಳ್ಳ ದಾಟಿ ಕುಳಿಯ ಹತ್ತಿರವೇ ನಿಂತಿತು. ಟೂರ್ನಿಯನ್ನೂ ಅವರೇ ಗೆದ್ದರು.

ಇದೇ ಆಟಗಾರ, ಇದೇ ಧೈರ್ಯ, ನಾಲ್ಕು ವರ್ಷ ಹಿಂದೆ. 2006ರ ಯುಎಸ್ ಓಪನ್‌ನ ಕೊನೆಯ ಹೋಲ್‌ಗೆ ಬಂದಾಗ ಮಿಕೆಲ್ಸನ್ ಒಂದು ಹೊಡೆತ ಮುಂದಿದ್ದರು. ಪಾರ್ ಮಾಡಿದ್ದರೆ ಪ್ರಶಸ್ತಿ ಅವರದೇ. ಆದರೆ ಡ್ರೈವರ್ ಹಿಡಿದು ಬೀಸಿದ ಮೊದಲ ಹೊಡೆತ ಎಡಕ್ಕೆ ಬಹಳ ದೂರ ಹೋಯಿತು. ಅಲ್ಲಿಂದ ಸುಮ್ಮನೆ ಫೇರ್‌ವೇಗೆ ಮರಳುವ ಬದಲು ದೊಡ್ಡ ಹೊಡೆತಕ್ಕೆ ಕೈಹಾಕಿದರು. ಚೆಂಡು ಮರಕ್ಕೆ ಬಡಿಯಿತು. ಕೊನೆಗೆ ಡಬಲ್ ಬೋಗಿ. ಒಂದೇ ಹೊಡೆತದಿಂದ ಪ್ರಶಸ್ತಿ ಜೆಫ್ ಓಗಿಲ್ವಿ ಪಾಲಾಯಿತು.

ಸ್ಫೂರ್ತಿಯ ಮಾತಿನ ಜೊತೆಗೆ ನಮಗೆ ಬರುವುದು ಮೊದಲನೆಯ ವಿಡಿಯೋ ಮಾತ್ರ. ಗೆದ್ದವರ ಕಥೆಯಷ್ಟೇ ಉಳಿದು, ಹಾಗೇ ಮಾಡಿ ಸೋತವರ ಕಥೆ ಕಣ್ಣಿಗೆ ಬೀಳದೆ ಹೋದಾಗ ಅಪಾಯ ಚಿಕ್ಕದಾಗಿ ಕಾಣುತ್ತದೆ. ಲಾಟರಿ ಹೊಡೆದವನ ಫೋಟೋ ಪೇಪರಿನಲ್ಲಿ ಬರುತ್ತದೆ, ಟಿಕೆಟ್ ಹರಿದು ಎಸೆದವರದು ಬರುವುದಿಲ್ಲ.

ಮೂರರಲ್ಲಿ ಎರಡು ಸಲ ಆಗುತ್ತದೆಯೇ?

ಒಂದು ಸರಳ ಲೆಕ್ಕ ನೋಡಿ. ನಿಮ್ಮ ಚೆಂಡು ಮರಗಳ ನಡುವೆ ಇದೆ ಎಂದುಕೊಳ್ಳಿ. ಪಕ್ಕಕ್ಕೆ ಮೆಲ್ಲಗೆ ತಳ್ಳಿ ಹೊರಗೆ ತಂದರೆ ಆ ಹೋಲ್ 5 ಹೊಡೆತಗಳಲ್ಲಿ ಮುಗಿಯುತ್ತದೆ. ಸಂದಿಯಿಂದ ಹೊಡೆದು ಯಶಸ್ವಿಯಾದರೆ 4, ಮರಕ್ಕೆ ಬಡಿದರೆ 7.

ಲಾಭ ಒಂದು ಹೊಡೆತ, ನಷ್ಟ ಎರಡು. ಹಾಗಾಗಿ ಮೂರರಲ್ಲಿ ಎರಡು ಸಲ ಯಶಸ್ವಿಯಾದರೆ ಲೆಕ್ಕ ಸಮ ಆಗುತ್ತದೆ, ಅಷ್ಟೇ. ಲಾಭ ಆಗಬೇಕಾದರೆ ಅದಕ್ಕಿಂತಲೂ ಹೆಚ್ಚು ಸಲ ಯಶಸ್ವಿಯಾಗಬೇಕು. ನಿಮ್ಮನ್ನೇ ಕೇಳಿಕೊಳ್ಳಿ: ಇಲ್ಲೇ ಹತ್ತು ಚೆಂಡು ಕೊಟ್ಟರೆ, ಏಳನ್ನು ಆ ಸಂದಿಯಿಂದ ಆಚೆ ಕಳಿಸುತ್ತೀರಾ?

ಕಾರ್ನುಸ್ಟಿಯಲ್ಲಿ ಆದದ್ದೇನು?

1999ರಲ್ಲಿ ಸ್ಕಾಟ್ಲೆಂಡಿನ ಕಾರ್ನುಸ್ಟಿಯಲ್ಲಿ ನಡೆದ ಓಪನ್ ಚಾಂಪಿಯನ್‌ಷಿಪ್. ಫ್ರಾನ್ಸ್‌ನ ಜೀನ್ ವಾನ್ ಡಿ ವೆಲ್ಡ್ ಕೊನೆಯ ಹೋಲ್‌ಗೆ ಬಂದಾಗ ಮೂರು ಹೊಡೆತ ಮುಂದಿದ್ದರು. ಪಾರ್ 4ರ ಹೋಲ್. 6 ಹೊಡೆತ ತೆಗೆದುಕೊಂಡರೂ ಗೆಲುವು ಅವರದೇ.

ಡ್ರೈವರ್‌ನಿಂದ ಹೊಡೆದ ಮೊದಲ ಚೆಂಡು ಬಲಕ್ಕೆ ಹೋದರೂ ನೀರಿನಿಂದ ಪಾರಾಯಿತು. ಆಗ ಒಂದು ಚಿಕ್ಕ ಹೊಡೆತದಿಂದ ಫೇರ್‌ವೇಗೆ, ಇನ್ನೊಂದರಿಂದ ಗ್ರೀನ್‌ಗೆ ಹೋಗಿ, ಮೂರು ಪಟ್ ಮಾಡಿದ್ದರೂ ಸಾಕಿತ್ತು. ಆದರೆ ಅವರು ನೇರ ಗ್ರೀನ್‌ಗೆ ಗುರಿಯಿಟ್ಟರು. ಚೆಂಡು ಪ್ರೇಕ್ಷಕರ ಗ್ಯಾಲರಿಗೆ ಬಡಿದು ಹಿಂದಕ್ಕೆ ಪುಟಿದು ದಟ್ಟ ಹುಲ್ಲಿಗೆ ಬಿತ್ತು. ಮೂರನೆಯದು ಗ್ರೀನ್ ಮುಂದಿನ ಬ್ಯಾರಿ ಬರ್ನ್ ಎಂಬ ತೊರೆಗೆ. ಅವರು ಶೂ ಕಳಚಿ ನೀರಿಗೂ ಇಳಿದರು, ಕೊನೆಗೆ ದಂಡ ತೆತ್ತರು. ಮುಂದಿನದು ಬಂಕರ್‌ಗೆ. ಒಟ್ಟು 7 ಹೊಡೆತ. ಮೂವರ ಪ್ಲೇಆಫ್‌ನಲ್ಲಿ ಪಾಲ್ ಲಾರಿ ಗೆದ್ದರು.

ಗ್ಯಾಲರಿಗೆ ಬಡಿದದ್ದು ದುರದೃಷ್ಟವೇ. ಆದರೆ ಅದೃಷ್ಟದ ಹಂಗೇ ಇಲ್ಲದೆ ಗೆಲ್ಲುವ ದಾರಿ ಎದುರಿಗೇ ಇತ್ತು.

ಎಚ್ಚರಿಕೆಯಿಂದ ಆಡಿ ಗೆದ್ದವರು ಇದ್ದಾರೆಯೇ?

ಬೇಕಾದಷ್ಟು. 2007ರ ಮಾಸ್ಟರ್ಸ್‌ನಲ್ಲಿ ಝ್ಯಾಕ್ ಜಾನ್ಸನ್ ಪಾರ್ 5ರ ಹೋಲ್‌ಗಳಲ್ಲಿ ಒಂದು ಸಲವೂ ಎರಡೇ ಹೊಡೆತಕ್ಕೆ ಗ್ರೀನ್ ತಲುಪಲು ಹೋಗಲಿಲ್ಲ. ನಾಲ್ಕು ದಿನಗಳಲ್ಲಿ ಅಂಥ 16 ಹೋಲ್‌ಗಳಲ್ಲಿ ಪಾರ್‌ಗಿಂತ 11 ಹೊಡೆತ ಉಳಿಸಿ ಪ್ರಶಸ್ತಿ ಗೆದ್ದರು. 2006ರ ಓಪನ್‌ನಲ್ಲಿ ಟೈಗರ್ ವುಡ್ಸ್ 72 ಹೋಲ್‌ಗಳಲ್ಲಿ ಡ್ರೈವರ್ ಬಳಸಿದ್ದು ಒಂದೇ ಸಲ. ಅವರೂ ಗೆದ್ದರು.

ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಬಹಳ ದೂರ ಹೊಡೆಯುವವರಲ್ಲ. ಆದರೂ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ಅವರಿಗಿಂತ ಎಷ್ಟೋ ದೂರ ಹೊಡೆಯುವವರ ನಡುವೆ ನಾಲ್ಕನೆಯವರಾದರು. ಪದಕ ತಪ್ಪಿದ್ದು ಒಂದೇ ಹೊಡೆತದಿಂದ.

ಹಾಗಾದರೆ ಯಾವಾಗಲೂ ಹಿಂಜರಿಯಬೇಕೇ?

ಇಲ್ಲ! ಇದು ಇನ್ನೊಂದು ತಪ್ಪು ತಿಳಿವಳಿಕೆ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಅಪಾರ ಸಂಖ್ಯೆಯ ಹೊಡೆತಗಳ ಅಂಕಿಅಂಶ ಸಂಗ್ರಹಿಸಿ ವಿಶ್ಲೇಷಿಸಿದ್ದಾರೆ. ಮುಂದೆ ನೀರು, ಮರ, ಗಡಿ ಯಾವುದೂ ಇಲ್ಲದಿದ್ದರೆ ಕುಳಿಗೆ ಹತ್ತಿರವಾದಷ್ಟೂ ಒಳ್ಳೆಯದು ಎನ್ನುತ್ತದೆ ಅವರ ಲೆಕ್ಕ. ಅಪಾಯವೇ ಇಲ್ಲದ ಕಡೆ ಬೇಕೆಂದೇ ಕಡಿಮೆ ದೂರ ಹೊಡೆದರೆ ಸ್ಕೋರ್ ಸುಧಾರಿಸುವುದಿಲ್ಲ. ಜಾಣತನದ ಆಟ ಎಂದರೆ ಹೆದರಿಕೆಯ ಆಟವಲ್ಲ, ಅಪಾಯ ಎಲ್ಲಿದೆ ಎಂದು ನೋಡಿ ಆಡುವುದು.

ಅದೇ ಅಂಕಿಅಂಶದಲ್ಲಿ ಸಮಾಧಾನದ ಸಂಗತಿಯೂ ಇದೆ. ಸುಮಾರು 8 ಅಡಿ ದೂರದ ಪಟ್‌ಗಳಲ್ಲಿ ಅಮೆರಿಕದ ವೃತ್ತಿಪರ ಆಟಗಾರರು ಕುಳಿಗೆ ಹಾಕುವುದೇ ಅರ್ಧದಷ್ಟು ಸಲ. ಅವರದೇ ಹೀಗಿರುವಾಗ, ಒಂದು ಪಟ್ ತಪ್ಪಿತೆಂದು ಸಿಟ್ಟಾಗಿ ಮುಂದಿನ ಹೋಲ್‌ನಲ್ಲಿ ಬೀಸುವುದರಲ್ಲಿ ಅರ್ಥವಿಲ್ಲ.

ಆಡುವವರು ನೆನಪಿಡಬೇಕಾದದ್ದು

• ಒಬ್ಬರೇ ಹತ್ತು ಚೆಂಡು ಹೊಡೆದರೂ ಹತ್ತೂ ಒಂದೇ ಕಡೆ ಬೀಳುವುದಿಲ್ಲ. ಬಾವುಟ ನೀರಿನ ಅಂಚಿನಲ್ಲಿದ್ದರೆ ಗ್ರೀನ್‌ನ ಮಧ್ಯಕ್ಕೆ ಗುರಿಯಿಡಿ.
• ನಿಮ್ಮ ಅತ್ಯುತ್ತಮ ಹೊಡೆತವನ್ನು ನಂಬಿ ಕ್ಲಬ್ ಆರಿಸಬೇಡಿ, ದಿನನಿತ್ಯದ ಹೊಡೆತವನ್ನು ನಂಬಿ ಆರಿಸಿ.
• ತೊಂದರೆಗೆ ಸಿಕ್ಕಿಕೊಂಡಾಗ ಮೊದಲ ಕೆಲಸ ಅಲ್ಲಿಂದ ಹೊರಬರುವುದು. ಬೋಗಿ ಬಂದರೆ ಬರಲಿ, ಡಬಲ್ ಬೋಗಿ ತಪ್ಪಿದರೆ ಸಾಕು.
• ಸಂದಿಯಿಂದ ಹೊಡೆದ ಚೆಂಡು ಒಮ್ಮೆ ಆಚೆ ಹೋಯಿತು ಎಂದರೆ ನಿರ್ಧಾರ ಸರಿಯಾಗಿತ್ತು ಎಂದಲ್ಲ. ಹತ್ತು ಸಲ ಹೊಡೆದರೆ ಏನಾಗುತ್ತಿತ್ತು ಎಂದು ಯೋಚಿಸಿ.

ಕೊನೆಯ ಮಾತು ಗಾಲ್ಫ್ ಆಡದವರಿಗೂ ಅನ್ವಯಿಸುತ್ತದೆ. ಎಲ್ಲವನ್ನೂ ಪಣಕ್ಕಿಟ್ಟು ಗೆದ್ದವರ ವಿಡಿಯೋ ಮುಂದಿನ ಸಲ ಬಂದಾಗ, ಫಾರ್ವರ್ಡ್ ಒತ್ತುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಹಾಗೇ ಮಾಡಿ ಸೋತವರು ಎಷ್ಟು ಜನ?