ಎರಡು ಹೊಳೆಗಳ ನಡುವಿನ ನೆಲ
ದೇವದುರ್ಗ, ಮಾನ್ವಿ ಇರುವುದು ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ದೋಆಬಿನಲ್ಲಿ. ಈ ಎರೆಭೂಮಿಗಾಗಿ ವಿಜಯನಗರದವರು ಮೊದಲು ಬಹಮನಿಗಳೊಂದಿಗೆ, ಆಮೇಲೆ ಆದಿಲಶಾಹಿಗಳೊಂದಿಗೆ ತಲೆಮಾರುಗಟ್ಟಲೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದ; 1565ರ ಬಳಿಕ ಅದು ಮತ್ತೆ ಬಿಜಾಪುರದ ಪಾಲಾಯಿತು. ಈ ಕಾದಾಟವನ್ನು ಧರ್ಮಯುದ್ಧ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಅರಸರ ಕಣ್ಣಿದ್ದದ್ದು ಕಂದಾಯದ ಮೇಲೆ. ಅದೇ ಸೀಮೆಯ ಮುದಗಲ್ಲಿನಲ್ಲಿ ಇಂದಿಗೂ ಮೊಹರಂ ಬಂದರೆ ಹಿಂದೂಗಳೂ ಅಲಾಯಿ ದೇವರಿಗೆ ಸಕ್ಕರೆ ಓದಿಸುತ್ತಾರೆ. ನೆಲಕ್ಕಾಗಿ ಕಾದಾಡಿದ ಇನ್ನೊಂದು ಸೀಮೆ ಪ್ಯಾಲೆಸ್ಟೈನ್; ಅದರ ಕಥೆ ಇದಕ್ಕಿಂತ ಕ್ರೂರ. 1947ರಲ್ಲಿ ವಿಶ್ವಸಂಸ್ಥೆ ಅರಬರಿಗೂ ಯಹೂದಿಗಳಿಗೂ ನೆಲ ಹಂಚಲು ಹೊರಟಿತು. ಬೆನ್ನಿಗೇ ಬಂದ ಯುದ್ಧದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ಮನೆಮಠ ಕಳೆದುಕೊಂಡರು. ಅರಬ್ ದೇಶಗಳಲ್ಲಿದ್ದ ಲಕ್ಷಾಂತರ ಯಹೂದಿಗಳೂ ನಂತರದ ವರ್ಷಗಳಲ್ಲಿ ಊರು ಬಿಟ್ಟರು. ನಮ್ಮ ದೋಆಬಿನಲ್ಲಿ ಗಡಿ ಬದಲಾದರೂ ಒಕ್ಕಲು ಬಹುಮಟ್ಟಿಗೆ ಹೊಲದಲ್ಲೇ ಉಳಿಯಿತು. ಪ್ಯಾಲೆಸ್ಟೈನಿನಲ್ಲಿ ಒಕ್ಕಲನ್ನೇ ಎಬ್ಬಿಸಿದರು. ಮನೆಗೆ ಮರಳಬಯಸುವ ನಿರಾಶ್ರಿತರಿಗೆ ಅವಕಾಶ ಕೊಡಬೇಕೆಂದು 1948ರ ಡಿಸೆಂಬರಿನಲ್ಲೇ ವಿಶ್ವಸಂಸ್ಥೆ 194ನೇ ನಿರ್ಣಯದಲ್ಲಿ ಹೇಳಿತ್ತು. ಅದು ಇನ್ನೂ ಜಾರಿಯಾಗಿಲ್ಲ.